ಬೆಕ್ಕಿನ ಚರ್ಮದ ಅಲರ್ಜಿ ಮರುಕಳಿಸುತ್ತಲೇ ಇದ್ದರೆ: ಮೂಲ ಕಾರಣ ಪತ್ತೆಹಚ್ಚುವ ಕ್ರಮ

ಸ್ಟೀರಾಯ್ಡ್ ಇಂಜೆಕ್ಷನ್ ಬಿದ್ದ ಮೇಲೆ ನಾಲ್ಕಾರು ವಾರ ಬೆಕ್ಕು ಹಾಯಾಗಿರುತ್ತದೆ. ಬೋಳಾಗಿದ್ದ ಹೊಟ್ಟೆಯ ಮೇಲೆ ಕೂದಲು ಚಿಗುರುತ್ತದೆ, ಕುತ್ತಿಗೆಯ ಗಾಯ ಒಣಗುತ್ತದೆ. ಆಮೇಲೆ ಒಂದು ದಿನ ಮತ್ತೆ ಕೆರೆತ, ಮತ್ತೆ ಇಂಜೆಕ್ಷನ್. ವರ್ಷಕ್ಕೆ ನಾಲ್ಕೈದು ಸಲ ಹೀಗೆ ಸುತ್ತು ಹೊಡೆಯುವ ಬೆಕ್ಕುಗಳಲ್ಲಿ ಸಾಮಾನ್ಯವಾಗಿ ಆಗಿರುವುದು ಇಷ್ಟೇ: ತುರಿಕೆಯನ್ನು ಅಡಗಿಸಿದ್ದಾರೆ, ಕಾರಣವನ್ನು ಯಾರೂ ಹುಡುಕಿಲ್ಲ.

ಹುಡುಕುವುದಕ್ಕೆ ಒಂದು ಕ್ರಮವಿದೆ. ಮೊದಲು ಚಿಗಟ, ಆಮೇಲೆ ನುಸಿ ಮತ್ತು ಹುಳುಕಡ್ಡಿ, ಜೊತೆಜೊತೆಗೇ ಸೋಂಕು, ಆಮೇಲೆ ಆಹಾರ, ಕಟ್ಟಕಡೆಗೆ ಧೂಳು, ಪರಾಗ ಮುಂತಾದ ಪರಿಸರದ ಅಲರ್ಜಿ. ಪರಿಸರದ ಅಲರ್ಜಿ ಕೊನೆಗೆ ಬರುವುದಕ್ಕೆ ಕಾರಣವಿದೆ. ಅದನ್ನು ನೇರವಾಗಿ ತೋರಿಸಿಕೊಡುವ ಪರೀಕ್ಷೆ ಯಾವುದೂ ಇಲ್ಲ, ಉಳಿದೆಲ್ಲವನ್ನೂ ತಳ್ಳಿಹಾಕಿದ ಮೇಲೆಯೇ ಆ ಹೆಸರು ಇಡಬೇಕು. ಎಲ್ಲ ಹಂತವನ್ನೂ ಸರಿಯಾಗಿ ಮುಗಿಸಲು ಮೂರರಿಂದ ಐದು ತಿಂಗಳು ಬೇಕು. ಉದ್ದವೆನಿಸಬಹುದು, ಆದರೆ ಬೆಕ್ಕು ಹದಿನೈದು ವರ್ಷ ಬಾಳುವ ಪ್ರಾಣಿ. ಅಷ್ಟೂ ವರ್ಷ ಕೆರೆದುಕೊಂಡು ಕಳೆಯುವುದಕ್ಕೆ ಹೋಲಿಸಿದರೆ ಐದು ತಿಂಗಳು ದೊಡ್ಡದಲ್ಲ.

ಗಾಯ ನೋಡಿ ಕಾರಣ ಹೇಳಲಾಗದು

ಅಲರ್ಜಿಗೆ ಬೆಕ್ಕಿನ ಚರ್ಮ ನಾಲ್ಕು ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ. ಒಂದು, ತಲೆ ಮತ್ತು ಕುತ್ತಿಗೆಯ ವಿಪರೀತ ಕೆರೆತ. ಹಿಂಗಾಲಿನ ಉಗುರಿನಿಂದ ಕೆರೆದು ಚರ್ಮವೇ ಕಿತ್ತುಬಂದಿರುತ್ತದೆ. ಎರಡು, ಹೊಟ್ಟೆ, ತೊಡೆಯ ಒಳಭಾಗ, ಪಕ್ಕೆಗಳಲ್ಲಿ ಎರಡೂ ಕಡೆ ಸಮನಾಗಿ ಕೂದಲು ಹೋಗುವುದು. ಚರ್ಮ ಮಾತ್ರ ನೋಡಲು ಚೆನ್ನಾಗಿಯೇ ಇರುತ್ತದೆ. ಮೂರು, ಮಿಲಿಯರಿ ಡರ್ಮಟೈಟಿಸ್. ಇದು ಕಣ್ಣಿಗಿಂತ ಬೆರಳಿಗೆ ಮೊದಲು ಸಿಗುತ್ತದೆ. ಬಾಲದ ಬುಡದಿಂದ ತಲೆಯ ಕಡೆಗೆ, ಕೂದಲಿಗೆ ಎದುರಾಗಿ ಬೆರಳಾಡಿಸಿದರೆ ಚರ್ಮಕ್ಕೆ ಒರಟು ಮರಳು ಅಂಟಿಕೊಂಡ ಹಾಗೆ ಸಣ್ಣ ಸಣ್ಣ ಹಕ್ಕಳೆಗಳು ತಡೆಯುತ್ತವೆ. ಕಿರುಧಾನ್ಯದ ಕಾಳಿನಷ್ಟು ಗಾತ್ರ ಇರುವುದರಿಂದಲೇ ಆ ಹೆಸರು. ನಾಲ್ಕು, ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಗುಂಪುಗೂಡಿ ಆಗುವ ಇಯೋಸಿನೊಫಿಲಿಕ್ ಗಾಯಗಳು. ಮೇಲ್ದುಟಿ ತಿಂದುಹೋದಂಥ ಹುಣ್ಣು, ಹೊಟ್ಟೆಯ ಮೇಲೆ ಕೆಂಪಗೆ ಒಸರುವ ಉಬ್ಬು ತೇಪೆ, ತೊಡೆಯ ಹಿಂಭಾಗದಲ್ಲಿ ಹಗ್ಗದ ಹಾಗೆ ಗಟ್ಟಿಯಾದ ಗೆರೆ, ಇವೆಲ್ಲ ಇದೇ ಗುಂಪು.

ಈ ನಾಲ್ಕರಲ್ಲಿ ಯಾವುದೂ ಒಂದೇ ಕಾರಣಕ್ಕೆ ಕಟ್ಟುಬಿದ್ದಿಲ್ಲ. ಚಿಗಟದ ಅಲರ್ಜಿ ಕುತ್ತಿಗೆಯಲ್ಲಿ ಕಾಣಿಸಬಹುದು, ಆಹಾರದ ಅಲರ್ಜಿ ಬಾಲದ ಬುಡದಲ್ಲಿ ಕಾಣಿಸಬಹುದು. ಮುಖ ಕೆರೆದರೆ ಆಹಾರ, ಬೆನ್ನು ಕೆರೆದರೆ ಚಿಗಟ ಎಂಬ ಸೂತ್ರ ಸುಳಿವಿನ ಮಟ್ಟಿಗೆ ಸರಿ, ತೀರ್ಮಾನಕ್ಕೆ ಸಾಲದು. ಜಾಗದಿಂದ ಸ್ವಲ್ಪ ಗಟ್ಟಿಯಾಗಿ ಹೇಳಬಹುದಾದದ್ದು ಎರಡೇ. ಕಿವಿಯ ಅಂಚಿನಲ್ಲಿ ದಪ್ಪ ಬೂದು ಹಕ್ಕಳೆ ಶುರುವಾಗಿ ಮುಖಕ್ಕೆ ಇಳಿದಿದ್ದರೆ ನುಸಿ ಕಜ್ಜಿಯನ್ನು ಮೊದಲು ನೋಡಬೇಕು. ಮೂಗಿನ ಮೇಲ್ಭಾಗ, ಕಿವಿಯ ಹೊರಮೈ, ಪಾದದ ಮೆತ್ತೆಗಳ ಅಂಚು ಮಾತ್ರ ಹುಣ್ಣಾಗಿದ್ದರೆ ಸೊಳ್ಳೆ ಕಡಿತದ ಅಲರ್ಜಿ ಇರಬಹುದು. ಸೊಳ್ಳೆಯೇ ಹೌದೋ ಎಂದು ನೋಡಲು ಬೆಕ್ಕನ್ನು ಒಂದು ವಾರ ಸೊಳ್ಳೆ ಬಾರದ ಕೋಣೆಯಲ್ಲಿ ಇಟ್ಟರೆ ಸಾಕು. ಮದ್ದಿಲ್ಲದೆಯೇ ಗಾಯ ಇಳಿಯುತ್ತದೆ.

ಶುರುಮಾಡುವ ಮೊದಲು ಬರೆದಿಟ್ಟುಕೊಳ್ಳುವುದು

ಒಂದು ಹಾಳೆಯಲ್ಲಿ ಇಷ್ಟು ಬರೆಯಿರಿ: ತುರಿಕೆ ಮೊದಲು ಶುರುವಾದ ವಯಸ್ಸು, ವರ್ಷದ ಯಾವ ತಿಂಗಳಲ್ಲಿ ಜಾಸ್ತಿ, ಮನೆಯ ಬೇರೆ ಪ್ರಾಣಿಗಳಿಗೂ ಮನುಷ್ಯರಿಗೂ ಕೆರೆತವಿದೆಯೇ, ಬೆಕ್ಕು ಹೊರಗೆ ಹೋಗುತ್ತದೆಯೇ, ಇದುವರೆಗೆ ಕೊಟ್ಟ ಪ್ರತಿ ಮದ್ದಿನ ಹೆಸರು ಮತ್ತು ತಾರೀಖು, ಅದರಿಂದ ಎಷ್ಟು ದಿನ ಆರಾಮವಾಯಿತು. ಕೊನೆಯ ಎರಡು ವಿವರ ಮುಖ್ಯ. ಮೀಥೈಲ್‌ಪ್ರೆಡ್ನಿಸೊಲೋನ್‌ನಂಥ ದೀರ್ಘಕಾಲದ ಸ್ಟೀರಾಯ್ಡ್ ಇಂಜೆಕ್ಷನ್ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತದೆ. ಆ ಅವಧಿಯಲ್ಲಿ ಮಾಡಿದ ಆಹಾರ ಬದಲಾವಣೆ, ಚಿಗಟದ ಮದ್ದು, ಶಾಂಪೂ ಎಲ್ಲವೂ 'ಕೆಲಸ ಮಾಡಿತು' ಎಂದೇ ಕಾಣುತ್ತದೆ. ಅದಕ್ಕೇ ಅಂಥ ಇಂಜೆಕ್ಷನ್ ಆದ 6ರಿಂದ 8 ವಾರಗಳೊಳಗೆ ಸಿಕ್ಕ ಯಾವ ಫಲಿತಾಂಶವನ್ನೂ ನಂಬಬೇಡಿ.

ಪ್ರತಿ ಭಾನುವಾರ ತುರಿಕೆಗೆ 0ರಿಂದ 10ರೊಳಗೆ ಒಂದು ಅಂಕ ಕೊಡಿ, ಅದೇ ಜಾಗದ ಫೋಟೋವನ್ನು ಅದೇ ಬೆಳಕಿನಲ್ಲಿ ತೆಗೆಯಿರಿ. ಎಂಟು ವಾರದ ಹಿಂದೆ ಹೇಗಿತ್ತು ಎಂಬುದನ್ನು ನೆನಪಿನಿಂದ ಹೇಳುವುದು ಯಾರಿಗೂ ಆಗುವುದಿಲ್ಲ.

'ನಮ್ಮ ಬೆಕ್ಕು ಕೆರೆಯುವುದೇ ಇಲ್ಲ, ಕೂದಲು ತಾನಾಗಿ ಉದುರುತ್ತಿದೆ' ಎನ್ನುವವರು ಬಹಳ. ಬೆಕ್ಕು ಮಂಚದ ಕೆಳಗೆ, ರಾತ್ರಿ ಹೊತ್ತು, ಒಂಟಿಯಾಗಿ ನೆಕ್ಕುತ್ತದೆ. ಬೋಳಾದ ಜಾಗದ ಅಂಚಿನ ಹತ್ತಿಪ್ಪತ್ತು ಕೂದಲನ್ನು ಬುಡದಿಂದ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಂಗತಿ ತಿಳಿಯುತ್ತದೆ. ತಾನಾಗಿ ಉದುರುವ ಕೂದಲಿನ ತುದಿ ಸೂಜಿಯ ಹಾಗೆ ಚೂಪಾಗಿರುತ್ತದೆ. ನೆಕ್ಕಿ ಮುರಿದ ಕೂದಲಿನ ತುದಿ ಹಳೆಯ ಪೊರಕೆ ಕಡ್ಡಿಯ ಹಾಗೆ ಮೊಂಡಾಗಿ ಸೀಳಿರುತ್ತದೆ. ವಾಂತಿಯಲ್ಲಿ ಕೂದಲುಂಡೆ ಜಾಸ್ತಿಯಾಗಿರುವುದು, ಮಲದಲ್ಲಿ ಕೂದಲು ಕಾಣುವುದು ಇದಕ್ಕೆ ಪೂರಕ ಸಾಕ್ಷಿ.

ಹಂತ 1: ಚಿಗಟ. ಕಾಣದಿದ್ದರೂ ಇದೆ ಎಂದೇ ಲೆಕ್ಕ

ಬೆಕ್ಕಿನ ಅಲರ್ಜಿಗಳಲ್ಲಿ ಅತಿ ಸಾಮಾನ್ಯವಾದದ್ದು ಚಿಗಟದ ಎಂಜಲಿನ ಅಲರ್ಜಿ. ಅಲರ್ಜಿ ಇರುವ ಬೆಕ್ಕಿಗೆ ಮೈತುಂಬ ಚಿಗಟ ಬೇಕಿಲ್ಲ, ಕೆಲವೇ ಕಡಿತಗಳಿಂದ ದಿನಗಟ್ಟಲೆ ಕೆರೆತ ಹತ್ತುತ್ತದೆ. ವಿಚಿತ್ರವೆಂದರೆ ಹೆಚ್ಚು ಅಲರ್ಜಿ ಇರುವ ಬೆಕ್ಕಿನ ಮೇಲೆಯೇ ಚಿಗಟ ಸಿಗುವುದು ಕಡಿಮೆ, ಏಕೆಂದರೆ ಅದು ನೆಕ್ಕಿ ನೆಕ್ಕಿ ಅವನ್ನು ನುಂಗಿರುತ್ತದೆ. ಹೀಗಾಗಿ 'ಹುಡುಕಿದೆವು, ಒಂದೂ ಇಲ್ಲ' ಎಂಬ ಮಾತಿನಿಂದ ಏನೂ ಸಾಬೀತಾಗುವುದಿಲ್ಲ.

ಹಿಕ್ಕೆಯ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಸೆಂಟಿಮೀಟರಿಗೆ 12-13 ಹಲ್ಲುಗಳಿರುವ ಒತ್ತು ಬಾಚಣಿಗೆ ತೆಗೆದುಕೊಂಡು ಬಾಲದ ಬುಡ, ಸೊಂಟ, ಕುತ್ತಿಗೆಯ ಸುತ್ತ ಐದು ನಿಮಿಷ ಬಾಚಿ. ಬಾಚಣಿಗೆಗೆ ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ ಒಂದೆರಡು ನಿಮಿಷ ಕಾಯಿರಿ. ಬರೀ ಮಣ್ಣಾದರೆ ಕಪ್ಪಾಗಿಯೇ ಕೂತಿರುತ್ತದೆ. ಚಿಗಟದ ಹಿಕ್ಕೆಯಾದರೆ ಪ್ರತಿ ಕಣದ ಸುತ್ತ ತುಕ್ಕಿನ ಬಣ್ಣದ ಉಂಗುರ ಹರಡುತ್ತದೆ, ಯಾಕೆಂದರೆ ಅದು ಜೀರ್ಣವಾದ ರಕ್ತ. ಒಂದೇ ಒಂದು ಕಣ ಹೀಗೆ ಕರಗಿದರೂ ಚಿಗಟ ಇದೆ ಎಂದಾಯಿತು. ಒಂದೂ ಕರಗದಿದ್ದರೆ ಮುಂದಿನ ಹೆಜ್ಜೆ ಬಿಡಬೇಡಿ, ಪೂರ್ತಿ ಚಿಕಿತ್ಸೆ ಮಾಡಿಯೇ ನೋಡಬೇಕು.

ಪೂರ್ತಿ ಎಂದರೆ ಏನು ಎಂಬುದಕ್ಕೆ ಚಿಗಟದ ಬದುಕು ತಿಳಿದಿರಬೇಕು. ಬೆಕ್ಕಿನ ಮೈಮೇಲೆ ಇರುವ ದೊಡ್ಡ ಚಿಗಟಗಳು ಮನೆಯ ಒಟ್ಟು ಸಂಖ್ಯೆಯ ಸುಮಾರು 5 ಶೇಕಡಾ ಮಾತ್ರ. ಉಳಿದದ್ದು ಮೊಟ್ಟೆ, ಮರಿಹುಳು, ಕೋಶಗಳಾಗಿ ಹಾಸಿಗೆ, ಸೋಫಾ, ನೆಲದ ಸಂದುಗಳಲ್ಲಿರುತ್ತದೆ. ಹೆಣ್ಣು ಚಿಗಟ ದಿನಕ್ಕೆ 40-50 ಮೊಟ್ಟೆ ಇಡಬಲ್ಲದು. ಬೆಚ್ಚಗೆ ತೇವವಾಗಿದ್ದರೆ ಮೊಟ್ಟೆಯಿಂದ ಚಿಗಟವಾಗಲು 3-4 ವಾರ ಸಾಕು. ಆದರೆ ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಸುಮ್ಮನೆ ಕಾಯಬಲ್ಲದು, ಸಿಂಪಡಿಸುವ ಮದ್ದು ಆ ಕೋಶವನ್ನು ದಾಟುವುದಿಲ್ಲ. ಆದ್ದರಿಂದ ಮನೆಯ ಎಲ್ಲ ಬೆಕ್ಕು, ನಾಯಿಗಳಿಗೂ ಒಟ್ಟಿಗೆ, ಕನಿಷ್ಠ ಮೂರು ತಿಂಗಳು, ತಾರೀಖು ತಪ್ಪದಂತೆ ಮದ್ದು ಹಾಕಬೇಕು. ಸೆಲಮೆಕ್ಟಿನ್ ಹನಿಯಾದರೆ ತಿಂಗಳಿಗೊಮ್ಮೆ, ಫ್ಲುರಲೇನರ್ ಹನಿಯಾದರೆ 12 ವಾರಕ್ಕೊಮ್ಮೆ. ಎರಡನೆಯದರ ಗುಂಪಿನ ಮದ್ದುಗಳನ್ನು ಫಿಟ್ಸ್ ಬರುವ ಬೆಕ್ಕಿಗೆ ಕೊಡುವ ಮುನ್ನ ಪಶುವೈದ್ಯರಿಗೆ ಆ ವಿಷಯ ತಿಳಿಸಲೇಬೇಕು. ಹಾಸುಬಟ್ಟೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ, ಎರಡು ದಿನಕ್ಕೊಮ್ಮೆ ವ್ಯಾಕ್ಯೂಮ್ ಮಾಡಿ ಚೀಲವನ್ನು ಅಂದೇ ಹೊರಗೆ ಹಾಕಿ. ವ್ಯಾಕ್ಯೂಮಿನ ಅದುರುವಿಕೆಗೆ ಕೋಶದೊಳಗಿನ ಚಿಗಟ ಎಚ್ಚೆತ್ತು ಹೊರಬರುತ್ತದೆ. ಹಾಗೆ ಬಂದದ್ದಕ್ಕೆ ಮದ್ದು ಹಾಕಿದ ಬೆಕ್ಕೇ ಬಲೆ. ಎರಡನೇ ವಾರದಲ್ಲಿ ಚಿಗಟ ಜಾಸ್ತಿಯಾದಂತೆ ಕಂಡರೆ ಮದ್ದು ಸೋತಿತೆಂದು ಬದಲಿಸಬೇಡಿ.

ಹನಿ ಮದ್ದು ಸೋಲುವುದು ಹೆಚ್ಚಾಗಿ ಹಾಕುವ ಕೈಯಿಂದ. ತಲೆಬುರುಡೆಯ ಬುಡದಲ್ಲಿ, ಬೆಕ್ಕಿನ ನಾಲಿಗೆ ತಲುಪದ ಜಾಗದಲ್ಲಿ, ಕೂದಲು ಸೀಳಿ ಚರ್ಮ ಕಾಣುವಂತೆ ಮಾಡಿ ಟ್ಯೂಬಿನ ಬಾಯಿಯನ್ನು ಚರ್ಮಕ್ಕೇ ಒತ್ತಿ ಹಿಂಡಬೇಕು. ಕೂದಲ ಮೇಲೆ ಜಿಡ್ಡಾಗಿ ನಿಂತರೆ ಅರ್ಧ ಮದ್ದು ವ್ಯರ್ಥ. ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಬೆಕ್ಕನ್ನು ತೂಗಿ, ತೂಕಕ್ಕೆ ತಕ್ಕ ಟ್ಯೂಬನ್ನೇ ತೆಗೆದುಕೊಳ್ಳಿ.

ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ: ನಾಯಿಯ ಚಿಗಟದ ಮದ್ದನ್ನು ಬೆಕ್ಕಿಗೆ ಹಾಕಬಾರದು. ನಾಯಿಯ ಅನೇಕ ಹನಿಗಳಲ್ಲಿ ಇರುವ ಪರ್ಮೆಥ್ರಿನ್ ಅನ್ನು ಒಡೆಯುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಮೈ ನಡುಕ, ಸೆಳವು, ಸಾವು ಎಲ್ಲ ಒಂದೆರಡು ದಿನದೊಳಗೆ ಆಗಬಹುದು. ತಪ್ಪಿ ಹಾಕಿದ್ದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ದ್ರವದಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಮನೆಯ ನಾಯಿಗೆ ಅಂಥ ಮದ್ದು ಹಾಕಿದ್ದರೆ ಅದು ಪೂರ್ತಿ ಒಣಗುವವರೆಗೆ ಬೆಕ್ಕು ಅದರ ಮೈ ನೆಕ್ಕದಂತೆ, ಒತ್ತಿ ಮಲಗದಂತೆ ನೋಡಿಕೊಳ್ಳಿ. 'ನೈಸರ್ಗಿಕ' ಎಂದು ಮಾರುವ ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ.

ಹಂತ 2: ನುಸಿ, ಹೇನು, ಹುಳುಕಡ್ಡಿ

ಇದನ್ನು ಚಿಗಟದ ಚಿಕಿತ್ಸೆಯ ಜೊತೆಗೇ ಮೊದಲ ಭೇಟಿಯಲ್ಲಿ ಮುಗಿಸಬಹುದು. ಪಶುವೈದ್ಯರು ಚರ್ಮ ಕೆರೆದು, ಪಾರದರ್ಶಕ ಟೇಪ್ ಒತ್ತಿ, ಕಿವಿಯ ಕೊಳೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕಿವಿಯಲ್ಲಿ ಕಾಫಿಪುಡಿಯಂಥ ಕಪ್ಪು ಕೊಳೆ ಇದ್ದರೆ ಕಿವಿ ನುಸಿ. ಬೆನ್ನ ಮೇಲಿನ ಹೊಟ್ಟು ನಡೆದಾಡಿದಂತೆ ಕಂಡರೆ ಚೈಲೆಟಿಯೆಲ್ಲಾ ನುಸಿ. ಕಿವಿಯಂಚಿನ ದಪ್ಪ ಹಕ್ಕಳೆಯಲ್ಲಿ ನೋಟೊಎಡ್ರಿಸ್ ನುಸಿ ಸುಲಭವಾಗಿ ಸಿಗುತ್ತದೆ, ಮನೆಯವರಿಗೂ ಹತ್ತುತ್ತದೆ.

ಕೈತಪ್ಪುವುದು ಡೆಮೊಡೆಕ್ಸ್ ಗಟೋಯ್. ಗಿಡ್ಡ ಬಾಲದ ಈ ನುಸಿ ಚರ್ಮದ ಮೇಲ್ಪದರದಲ್ಲೇ ಇರುತ್ತದೆ, ಬೆಕ್ಕಿನಿಂದ ಬೆಕ್ಕಿಗೆ ಹರಡುತ್ತದೆ, ವಿಪರೀತ ತುರಿಸುತ್ತದೆ. ತುರಿಸಿದ ಜಾಗವನ್ನು ಬೆಕ್ಕು ನೆಕ್ಕಿ ಶುಚಿ ಮಾಡಿರುವುದರಿಂದ ಕೆರೆದ ಸ್ಯಾಂಪಲ್‌ನಲ್ಲಿ ಏನೂ ಸಿಗದೆ ಹೋಗಬಹುದು. ಒಂದಕ್ಕಿಂತ ಹೆಚ್ಚು ಬೆಕ್ಕಿರುವ ಮನೆಯಲ್ಲಿ ಎರಡನೆಯದೂ ನೆಕ್ಕಲು ಶುರುಮಾಡಿದ್ದರೆ, ಸ್ಟೀರಾಯ್ಡಿಗೂ ತುರಿಕೆ ಜಗ್ಗದಿದ್ದರೆ, ಸ್ಯಾಂಪಲ್ ಖಾಲಿ ಬಂದರೂ ಎಲ್ಲ ಬೆಕ್ಕುಗಳಿಗೂ ನುಸಿ ಚಿಕಿತ್ಸೆ ಕೊಟ್ಟು ನೋಡಬೇಕು. ಫ್ಲುರಲೇನರ್ ಗುಂಪಿನ ಹನಿಗಳು ಚಿಗಟದೊಂದಿಗೆ ಹಲವು ನುಸಿಗಳನ್ನೂ ಕೊಲ್ಲುವುದರಿಂದ, ಹಂತ 1ಕ್ಕೆ ಆ ಮದ್ದನ್ನೇ ಆರಿಸಿದರೆ ಎರಡೂ ಹಂತ ಒಂದೇ ಹೊಡೆತಕ್ಕೆ ಮುಗಿಯುತ್ತವೆ.

ಹುಳುಕಡ್ಡಿಗೆ ಕಾರಣ ಹೆಚ್ಚಾಗಿ ಮೈಕ್ರೊಸ್ಪೋರಮ್ ಕ್ಯಾನಿಸ್ ಎಂಬ ಶಿಲೀಂಧ್ರ. ದುಂಡಗೆ ಕೂದಲು ಹೋಗುವುದು ಪುಸ್ತಕದ ಚಿತ್ರ. ಬೆಕ್ಕಿನಲ್ಲಿ ಅದು ಯಾವ ಅಲರ್ಜಿಯ ವೇಷವನ್ನಾದರೂ ಹಾಕಬಲ್ಲದು. ವುಡ್ಸ್ ದೀಪ ಎಂಬ ನೇರಳಾತೀತ ಬೆಳಕಿನ ದೀಪವನ್ನು ಕತ್ತಲಕೋಣೆಯಲ್ಲಿ ಚರ್ಮದಿಂದ 2-4 ಸೆಂಟಿಮೀಟರ್ ದೂರದಲ್ಲಿ ಹಿಡಿದರೆ ಸೋಂಕಿದ ಕೂದಲಿನ ಕಡ್ಡಿ ಎಳೆ ಸೇಬಿನ ಹಸಿರು ಬಣ್ಣದಲ್ಲಿ ಹೊಳೆಯುತ್ತದೆ. ಹೊಳೆಯಬೇಕಾದದ್ದು ಕೂದಲ ಕಡ್ಡಿ. ಹೊಟ್ಟು, ಮುಲಾಮು, ಬಟ್ಟೆಯ ನಾರು ಹೊಳೆದರೆ ಲೆಕ್ಕಕ್ಕಿಲ್ಲ. ಹೊಳೆಯಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ, ಹಲ್ಲುಜ್ಜುವ ಹೊಸ ಬ್ರಷ್ಷಿನಿಂದ ಮೈಯೆಲ್ಲ ಉಜ್ಜಿ, ಶಿಲೀಂಧ್ರವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳಿಸಬೇಕು. ಅದಕ್ಕೆ ಎರಡು ಮೂರು ವಾರ ಹಿಡಿಯುತ್ತದೆ. ಹುಳುಕಡ್ಡಿ ಇರುವ ಬೆಕ್ಕಿಗೆ ಅಲರ್ಜಿಯೆಂದು ಸ್ಟೀರಾಯ್ಡ್ ಕೊಟ್ಟರೆ ಶಿಲೀಂಧ್ರ ಮೈಯೆಲ್ಲ ಹರಡುತ್ತದೆ, ಮನೆಯ ಮಕ್ಕಳಿಗೂ ಬರುತ್ತದೆ. ಈ ಒಂದು ಕಾರಣಕ್ಕಾದರೂ ಪರೀಕ್ಷೆಗೆ ಮುನ್ನ ಸ್ಟೀರಾಯ್ಡ್ ಬೇಡ.

ಸೋಂಕನ್ನು ಬೇರೆಯಾಗಿ ಲೆಕ್ಕ ಹಾಕುವುದು

ಕೆರೆದ ಚರ್ಮದಲ್ಲಿ ಬ್ಯಾಕ್ಟೀರಿಯಾ ಮತ್ತು ಮಲಸೇಜಿಯಾ ಎಂಬ ಯೀಸ್ಟ್ ಬೆಳೆಯುತ್ತವೆ, ಅವೂ ತುರಿಸುತ್ತವೆ. ಗಾಜಿನ ಪಟ್ಟಿಯನ್ನು ಒದ್ದೆ ಗಾಯಕ್ಕೆ ಒತ್ತಿ, ಬಣ್ಣ ಹಾಕಿ ನೋಡುವ ಪರೀಕ್ಷೆ ಹತ್ತು ನಿಮಿಷದ್ದು. ಪ್ರತಿ ಭೇಟಿಯಲ್ಲೂ ಅದನ್ನು ಕೇಳಿ ಮಾಡಿಸಿಕೊಳ್ಳಿ. 10ರಲ್ಲಿ 8 ಇದ್ದ ತುರಿಕೆ ಸೋಂಕು ವಾಸಿಯಾದ ಮೇಲೆ 4ಕ್ಕೆ ಇಳಿದರೆ, ನೀವು ಹುಡುಕಬೇಕಿರುವ ಅಲರ್ಜಿಯ ನಿಜವಾದ ಗಾತ್ರ 4. ಸೋಂಕು ಉಳಿಸಿಕೊಂಡೇ ಆಹಾರದ ಪ್ರಯೋಗಕ್ಕೆ ಇಳಿದರೆ ಆಹಾರ ಬದಲಿಸಿದ್ದು ಸರಿಯಿದ್ದರೂ ಫಲ ಕಾಣುವುದಿಲ್ಲ.

ಹಂತ 3: ಆಹಾರದ ಪ್ರಯೋಗ, ಎಂಟು ವಾರ

ಎಲ್ಲಕ್ಕಿಂತ ಹೆಚ್ಚು ಹಾಳಾಗುವುದು ಈ ಹಂತ. ಹಾಳಾಗುವುದು ಬೆಕ್ಕಿನಿಂದಲ್ಲ, ಮನೆಯವರ ಪ್ರೀತಿಯಿಂದ.

ಮೊದಲು ಎರಡು ತಪ್ಪು ತಿಳಿವಳಿಕೆ ಬಿಡಬೇಕು. 'ಐದು ವರ್ಷದಿಂದ ಇದೇ ಆಹಾರ, ಹಾಗಾಗಿ ಆಹಾರದ ತೊಂದರೆ ಇರಲಾರದು' ಎಂಬುದು ಒಂದು. ಅಲರ್ಜಿ ಬೆಳೆಯುವುದೇ ಮತ್ತೆ ಮತ್ತೆ ತಿಂದ ವಸ್ತುವಿನ ಮೇಲೆ. ಇನ್ನೊಂದು, ರಕ್ತ, ಜೊಲ್ಲು ಅಥವಾ ಕೂದಲು ಕಳಿಸಿ ಆಹಾರದ ಅಲರ್ಜಿ ಪತ್ತೆ ಮಾಡಬಹುದೆಂಬ ನಂಬಿಕೆ. ಆ ಪರೀಕ್ಷೆಗಳ ಪಟ್ಟಿಯನ್ನು ನೆಚ್ಚಿ ಆಹಾರ ಆರಿಸಲಾಗದು. ಕೆಲಸ ಮಾಡುವ ಪರೀಕ್ಷೆ ಒಂದೇ, ಆಹಾರ ಬದಲಿಸಿ ನೋಡುವುದು, ಮತ್ತೆ ಹಳೆಯದನ್ನು ಕೊಟ್ಟು ನೋಡುವುದು.

ಆಯ್ಕೆ ಎರಡು. ಪ್ರೋಟೀನನ್ನು ಚೂರುಚೂರು ಮಾಡಿ, ರೋಗನಿರೋಧಕ ವ್ಯವಸ್ಥೆಗೆ ಗುರುತು ಸಿಗದ ಹಾಗೆ ತಯಾರಿಸಿದ ಹೈಡ್ರೊಲೈಸ್ಡ್ ಆಹಾರ ಒಂದು. ಬೆಕ್ಕು ಹಿಂದೆಂದೂ ತಿನ್ನದ ಒಂದೇ ಮಾಂಸದ ಆಹಾರ ಇನ್ನೊಂದು. ಬೆಕ್ಕುಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಮೀನು, ಕೋಳಿ. ಅಂಗಡಿಯ 'ಸೀಮಿತ ಪದಾರ್ಥ' ಎಂದು ಬರೆದ ಪೊಟ್ಟಣಗಳಲ್ಲಿ ಲೇಬಲ್ಲಿನಲ್ಲಿಲ್ಲದ ಮಾಂಸದ ಅಂಶ ಸಿಕ್ಕಿರುವುದುಂಟು, ಆದ್ದರಿಂದ ಪ್ರಯೋಗಕ್ಕೆ ಪಶುವೈದ್ಯರು ಬರೆದುಕೊಡುವ ಆಹಾರವೇ ಬೇಕು. ಮನೆಯಲ್ಲೇ ಒಂದು ಮಾಂಸ ಬೇಯಿಸಿ ಕೊಡುವುದಾದರೆ ಟೌರಿನ್ ಎಂಬ ಪೋಷಕಾಂಶ ಮತ್ತು ಕ್ಯಾಲ್ಸಿಯಂ ಕೊರತೆಯಾಗದಂತೆ ಪಶುವೈದ್ಯರಿಂದ ಅಳತೆ ಹಾಕಿಸಿಕೊಳ್ಳಿ. ಟೌರಿನ್ ಇಲ್ಲದೆ ಬೆಕ್ಕಿನ ಹೃದಯ, ಕಣ್ಣು ಎರಡೂ ಕೆಡುತ್ತವೆ.

ಬದಲಾವಣೆ 7-10 ದಿನದಲ್ಲಿ ಆಗಲಿ. ಹಳೆಯ ಆಹಾರದಲ್ಲಿ ಕಾಲು ಭಾಗ ಹೊಸದು, ಮೂರು ದಿನದ ಮೇಲೆ ಅರ್ಧ, ಹೀಗೆ. ಪೂರ್ತಿ ಹೊಸದಾದ ದಿನವೇ ಪ್ರಯೋಗದ ಮೊದಲ ದಿನ. ಹಸಿದರೆ ತಾನಾಗಿ ತಿನ್ನುತ್ತದೆ ಎಂಬ ಹಟ ಬೆಕ್ಕಿನ ಹತ್ತಿರ ನಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದ ಬೆಕ್ಕಿಗೆ, ಅದರಲ್ಲೂ ದಪ್ಪಗಿರುವುದಕ್ಕೆ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು. ಒಂದು ದಿನ ಪೂರ್ತಿ ಮುಟ್ಟದಿದ್ದರೆ ಹಳೆಯದಕ್ಕೆ ಮರಳಿ, ಬೇರೆ ಆಹಾರ ಕೇಳಿ.

ಈ ಎಂಟು ವಾರ ಬೆಕ್ಕಿನ ಬಾಯಿಗೆ ಹೋಗುವುದು ಆ ಆಹಾರ ಮತ್ತು ನೀರು ಮಾತ್ರ. ಯಾರೂ ಲೆಕ್ಕ ಹಿಡಿಯದ ದಾರಿಗಳು ಇವು: ರುಚಿ ಸೇರಿಸಿದ ಜಂತುಮಾತ್ರೆ ಮತ್ತು ಸಿರಪ್, ಮಾತ್ರೆ ನುಂಗಿಸಲು ಬಳಸುವ ಮೆತ್ತನೆ ಟ್ರೀಟ್, ಬೆಕ್ಕಿನ ಟೂತ್‌ಪೇಸ್ಟ್, ಕೂದಲುಂಡೆಯ ಪೇಸ್ಟ್, ನಾಯಿಯ ತಟ್ಟೆ, ತೊಳೆಯಲು ಇಟ್ಟ ಪಾತ್ರೆ, ಮಗು ಬೀಳಿಸಿದ ತುತ್ತು, ಹಿಡಿದು ತಿಂದ ಇಲಿ ಹಕ್ಕಿ. ಹೊರಗೆ ಓಡಾಡುವ ಬೆಕ್ಕನ್ನು ಎಂಟು ವಾರ ಒಳಗಿಡಲು ಆಗದಿದ್ದರೆ ಪ್ರಯೋಗಕ್ಕೆ ಕೈಹಾಕದಿರುವುದೇ ಮೇಲು. ಒಂದು ಚೂರು ಮೀನಿನಿಂದ ಎದ್ದ ತುರಿಕೆ ಇಳಿಯಲು ಒಂದೆರಡು ವಾರ ಬೇಕಾಗಬಹುದು, ಅಷ್ಟರಲ್ಲಿ ಇನ್ನೊಂದು ಚೂರು ಬಿದ್ದರೆ ಎಂಟು ವಾರವೂ ನೀರಿನಲ್ಲಿ ಹೋಮ.

ಶುರುವಿನಲ್ಲಿ ಬೆಕ್ಕು ತೀರಾ ಹಿಂಸೆ ಪಡುತ್ತಿದ್ದರೆ ಎರಡು ಮೂರು ವಾರ ಪ್ರೆಡ್ನಿಸೊಲೋನ್ ಮಾತ್ರೆ ಕೊಡಬಹುದು. ಆದರೆ ಅದನ್ನು ನಿಲ್ಲಿಸಿದ ಮೇಲೆ ಕನಿಷ್ಠ ಎರಡು ವಾರ, ಮದ್ದಿಲ್ಲದೆ, ಹೊಸ ಆಹಾರದಲ್ಲಿ ಹೇಗಿದೆ ಎಂಬುದೇ ಫಲಿತಾಂಶ. ಆಹಾರದ ಅಲರ್ಜಿ ಇರುವ ಬೆಕ್ಕುಗಳಲ್ಲಿ ಸುಮಾರು 80 ಶೇಕಡಾ ಆರು ವಾರಕ್ಕೆ, 90 ಶೇಕಡಾ ಎಂಟು ವಾರಕ್ಕೆ ಸುಧಾರಿಸುತ್ತವೆ. ಮೂರು ವಾರ ನೋಡಿ 'ಪ್ರಯೋಜನವಿಲ್ಲ' ಎಂದು ಬಿಟ್ಟವರು ಪ್ರಯೋಗವನ್ನೇ ಮಾಡಿದಂತಾಗಲಿಲ್ಲ.

ಸುಧಾರಿಸಿತೆಂದು ಅಲ್ಲಿಗೆ ನಿಲ್ಲಬಾರದು. ಅದೇ ವೇಳೆಗೆ ಪರಾಗದ ಕಾಲ ಮುಗಿದಿರಬಹುದು, ಚಿಗಟದ ಮದ್ದು ಕೈಗೂಡಿರಬಹುದು. ಹಳೆಯ ಆಹಾರವನ್ನು ಮೊದಲಿನಂತೆಯೇ ಕೊಡಿ. ಆಹಾರವೇ ಕಾರಣವಾದರೆ ಕೆಲವು ಗಂಟೆಗಳಿಂದ 14 ದಿನದೊಳಗೆ ತುರಿಕೆ ಮರಳುತ್ತದೆ. ಮರಳಿದೊಡನೆ ನಿಲ್ಲಿಸಿ ಪ್ರಯೋಗದ ಆಹಾರಕ್ಕೆ ಬನ್ನಿ. ಶಾಂತವಾದ ಮೇಲೆ ಒಂದೊಂದೇ ಮಾಂಸವನ್ನು, ಒಂದೊಂದಕ್ಕೆ ಎರಡು ವಾರ ಕೊಟ್ಟು, ಯಾವುದು ಎಂದು ಬೇರ್ಪಡಿಸಬಹುದು. ಚೆನ್ನಾಗಿರುವ ಬೆಕ್ಕಿಗೆ ಬೇಕೆಂದೇ ತುರಿಕೆ ತರಿಸಲು ಮನಸ್ಸು ಬಾರದಿರುವುದು ಸಹಜ. ಆದರೆ ಇದನ್ನು ಮಾಡದಿದ್ದರೆ ಬೇಕಿಲ್ಲದ ಪಥ್ಯವನ್ನು ಬದುಕಿಡೀ ಹೊರಿಸಿದಂತಾಗಬಹುದು.

ಅರ್ಧ ಮಾತ್ರ ಕಡಿಮೆಯಾದರೆ? ಅಲರ್ಜಿಗಳು ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಚಿಗಟ ಸ್ವಲ್ಪ, ಆಹಾರ ಸ್ವಲ್ಪ, ಧೂಳು ಸ್ವಲ್ಪ ಸೇರಿ ಕೊಡ ತುಂಬಿ ತುಳುಕುತ್ತದೆ. ಹಳೆಯ ಆಹಾರಕ್ಕೆ ತುರಿಕೆ ಏರಿ, ಹೊಸದಕ್ಕೆ ಇಳಿದರೆ ಆಹಾರಕ್ಕೂ ಒಂದು ಪಾಲಿದೆ. ಆ ಆಹಾರವನ್ನೇ ಮುಂದುವರಿಸಿ ಮುಂದಿನ ಹಂತಕ್ಕೆ ಹೋಗಿ.

ಹಂತ 4: ಉಳಿದದ್ದು ಪರಿಸರದ ಅಲರ್ಜಿ

ಸಾಮಾನ್ಯವಾಗಿ ಎಳೆಯ ವಯಸ್ಸಿನಲ್ಲಿ, ಆರು ತಿಂಗಳಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಒಂದು ಕಾಲದಲ್ಲಿ ಮಾತ್ರ ಕೆರಳಿದರೆ ಪರಾಗ, ವರ್ಷವಿಡೀ ಇದ್ದರೆ ಧೂಳು ನುಸಿ ಅಥವಾ ಬೂಸ್ಟಿನ ಮೇಲೆ ಅನುಮಾನ. ರಕ್ತದ ಅಥವಾ ಚರ್ಮದ ಅಲರ್ಜಿ ಪರೀಕ್ಷೆಗೆ ಈಗ ಅರ್ಥ ಬರುತ್ತದೆ. ಅದು ಬೆಕ್ಕಿಗೆ ಅಲರ್ಜಿ ಇದೆಯೋ ಇಲ್ಲವೋ ಎಂದು ಹೇಳಲಾರದು, ಆರೋಗ್ಯವಂತ ಬೆಕ್ಕಿನಲ್ಲೂ ಪಾಸಿಟಿವ್ ಬರುತ್ತದೆ. ಅಲರ್ಜಿ ತರುವ ವಸ್ತುವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಮೈಗೆ ಒಗ್ಗಿಸುವ ಇಮ್ಯುನೊಥೆರಪಿ ಚುಚ್ಚುಮದ್ದಿನಲ್ಲಿ ಯಾವ ಅಲರ್ಜಕಗಳನ್ನು ಸೇರಿಸಬೇಕೆಂದು ಆರಿಸುವುದಷ್ಟೇ ಅದರ ಕೆಲಸ. ಆ ಚಿಕಿತ್ಸೆಗೆ ಫಲ ಕಾಣಲು ಒಂದು ವರ್ಷದವರೆಗೂ ಹಿಡಿಯಬಹುದು.

ಮಿಕ್ಕ ಮದ್ದುಗಳಲ್ಲಿ ಪ್ರೆಡ್ನಿಸೊಲೋನ್ ಬೇಗ ಕೆಲಸ ಮಾಡುತ್ತದೆ. ಪ್ರೆಡ್ನಿಸೋನ್ ಎಂಬುದು ಬೇರೆ, ಅದು ಬೆಕ್ಕಿನ ಮೈಗೆ ಸರಿಯಾಗಿ ಹತ್ತುವುದಿಲ್ಲ, ಚೀಟಿಯ ಹೆಸರನ್ನು ಎರಡು ಸಲ ಓದಿ. ತುರಿಕೆ ಇಳಿದ ಮೇಲೆ ದಿನ ಬಿಟ್ಟು ದಿನಕ್ಕೆ, ಸಾಧ್ಯವಿರುವಷ್ಟು ಕಡಿಮೆ ಪ್ರಮಾಣಕ್ಕೆ ತರಬೇಕು. ನೀರು ಜಾಸ್ತಿ ಕುಡಿಯುವುದು, ಜಾಸ್ತಿ ಮೂತ್ರ ಕಂಡರೆ ಸಕ್ಕರೆ ಕಾಯಿಲೆಗೆ ಪರೀಕ್ಷಿಸಿ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಸೈಕ್ಲೊಸ್ಪೊರಿನ್ ಅನ್ನು ಕಿಲೋ ತೂಕಕ್ಕೆ 7 ಮಿಲಿಗ್ರಾಂ, ದಿನಕ್ಕೊಮ್ಮೆ ಕೊಟ್ಟು 4ರಿಂದ 6 ವಾರ ಕಾಯಬೇಕು. ಅದನ್ನು ಕೊಡುವ ಬೆಕ್ಕಿಗೆ ಹಸಿಮಾಂಸ, ಬೇಟೆ ಎರಡೂ ನಿಷಿದ್ಧ. ಅವುಗಳಿಂದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕು ತಗುಲಿದರೆ ಪ್ರಾಣಾಪಾಯ. ಮನುಷ್ಯರ ಅಲರ್ಜಿ ಮಾತ್ರೆಗಳು ಬೆಕ್ಕಿಗೆ ಹೆಚ್ಚೇನೂ ಮಾಡುವುದಿಲ್ಲ. ಸುಡೊಎಫೆಡ್ರಿನ್ ಬೆರೆಸಿದ ನೆಗಡಿ ಮಾತ್ರೆ ಮತ್ತು ಪ್ಯಾರಾಸಿಟಮಾಲ್ ಅಂತೂ ಬೆಕ್ಕಿನ ಜೀವ ತೆಗೆಯಬಲ್ಲವು.

ಧೂಳು ನುಸಿಯ ಅನುಮಾನವಿದ್ದರೆ ಬೆಕ್ಕು ಮಲಗುವ ಬಟ್ಟೆಗೆ ಹಂತ 1ರ ಬಿಸಿನೀರಿನ ಒಗೆತವನ್ನೇ ಮುಂದುವರಿಸಿ, ಕೋಣೆಯ ತೇವಾಂಶವನ್ನು 50 ಶೇಕಡಾಕ್ಕಿಂತ ಕೆಳಗಿಡಿ. ಒಣ ಆಹಾರವನ್ನು ಗಾಳಿಯಾಡದ ಡಬ್ಬದಲ್ಲಿ ಇಡಿ, ತೆರೆದ ಚೀಲದಲ್ಲಿ ಬೇರೆ ನುಸಿಗಳು ಸೇರಿಕೊಳ್ಳುತ್ತವೆ.

ಅಲರ್ಜಿಯೇ ಅಲ್ಲದಿದ್ದರೆ

ಕ್ರಮದ ನಡುವೆಯೇ ಹೊರಗೆ ಬರಬೇಕಾದ ಸಂದರ್ಭಗಳಿವೆ. ಹತ್ತು ವರ್ಷ ದಾಟಿದ ಬೆಕ್ಕಿಗೆ ಮೊದಲ ಸಲ ತುರಿಕೆ ಬಂದಿದೆ, ತೂಕ ಇಳಿಯುತ್ತಿದೆ, ಹೊಟ್ಟೆಯ ಬೋಳು ಚರ್ಮ ತೆಳುವಾಗಿ ಮಿರುಗುತ್ತಿದೆ ಎಂದರೆ ಒಳಗಿನ ಗಡ್ಡೆಯನ್ನು ಹುಡುಕಬೇಕು. ಉಗುರಿನ ಬುಡ, ಕಿವಿ, ಮೊಲೆತೊಟ್ಟಿನ ಸುತ್ತ ಕೀವಿನ ಹಕ್ಕಳೆ ಕಟ್ಟಿದ್ದರೆ ಪೆಂಫಿಗಸ್ ಎಂಬ ರೋಗವಿರಬಹುದು. ಬಿಳಿ ಕಿವಿಯ ತುದಿಯಲ್ಲಿ ವಾಸಿಯಾಗದ ಹಕ್ಕಳೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಇರಬಹುದು. ಹಳೆಯ ಸೀನು, ಕಣ್ಣಿನ ಸೋಂಕು ಇದ್ದ ಬೆಕ್ಕಿನ ಮುಖದ ಹುಣ್ಣು ಹರ್ಪಿಸ್ ವೈರಸ್‌ನಿಂದ ಇರಬಹುದು. ಥೈರಾಯ್ಡ್ ಮದ್ದು ಮೆಥಿಮಜೋಲ್ ಶುರುಮಾಡಿದ ವಾರಗಳಲ್ಲಿ ಮುಖ ಕೆರೆದರೆ ಮದ್ದಿನ ಮೇಲೇ ಅನುಮಾನ ಬರಬೇಕು. ಇಂಥಲ್ಲಿ ಬಯಾಪ್ಸಿ ತಡಮಾಡಬಾರದು, ಅದಕ್ಕೆ ಮುನ್ನ ಸ್ಟೀರಾಯ್ಡನ್ನೂ ಕೊಡಬಾರದು.

ಹೊಟ್ಟೆಯ ಕೆಳಭಾಗ ಮಾತ್ರ ಬೋಳಾಗಿ, ಮೂತ್ರಕ್ಕೆ ಪದೇ ಪದೇ ಕೂರುತ್ತಿದ್ದರೆ ಮೂತ್ರಕೋಶದ ನೋವು ಕಾರಣವಿರಬಹುದು. 'ಟೆನ್ಷನ್‌ನಿಂದ ನೆಕ್ಕುತ್ತಿದೆ' ಎಂಬ ತೀರ್ಪು ಮಾತ್ರ ಬಹಳ ಸುಲಭವಾಗಿ ಬೀಳುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮಾನಸಿಕ ಕಾರಣದ್ದೆಂದು ಶಂಕಿಸಿದ್ದ 21 ಬೆಕ್ಕುಗಳನ್ನು ಹೀಗೆ ಹಂತಹಂತವಾಗಿ ಪರೀಕ್ಷಿಸಿದಾಗ 16ರಲ್ಲಿ ದೈಹಿಕ ಕಾರಣ ಸಿಕ್ಕಿತು. ಬರೀ ಮಾನಸಿಕವಾಗಿದ್ದದ್ದು 2ರಲ್ಲಿ ಮಾತ್ರ.

ಕಾರಣ ತಿಳಿದ ಮೇಲೂ ಕೆರಳಿದರೆ

ಮದ್ದು ಹೆಚ್ಚಿಸುವ ಮೊದಲು ಹಾಳೆ ತೆಗೆಯಿರಿ. ಚಿಗಟದ ಮದ್ದಿನ ತಾರೀಖು ದಾಟಿದೆಯೇ, ಮನೆಗೆ ಹೊಸ ಪ್ರಾಣಿ ಬಂದಿದೆಯೇ ನೋಡಿ, ಒದ್ದೆ ಟಿಶ್ಯೂ ಪರೀಕ್ಷೆ ಮತ್ತೊಮ್ಮೆ ಮಾಡಿ. ಗಾಯದಲ್ಲಿ ಸೋಂಕಿದೆಯೇ ಎಂದು ಗಾಜಿನ ಪಟ್ಟಿ ಒತ್ತಿಸಿ. ಆಹಾರದ ಹೊಸ ಚೀಲದ ಪದಾರ್ಥಗಳ ಪಟ್ಟಿಯನ್ನು ಹಳೆಯದರ ಪಕ್ಕದಲ್ಲಿಟ್ಟು ಓದಿ, ಕಂಪನಿಗಳು ಹೆಸರು ಬದಲಿಸದೆ ಒಳಗಿನದನ್ನು ಬದಲಿಸುವುದುಂಟು. ಈ ಮೂರೂ ಸರಿಯಿವೆ ಎಂದಾದರೆ ಮಾತ್ರ ಸ್ಟೀರಾಯ್ಡಿನ ಪ್ರಮಾಣ ಏರಿಸುವ ಮಾತನ್ನು ಪಶುವೈದ್ಯರ ಬಳಿ ಎತ್ತಿ.